ಮೆಡಿಕೇಡ್ ದುಡ್ಡು ಯಾರಿಗೆ, ಹೇಗೆ ಹೋಗುತ್ತದೆ, ರೋಗಿಯನ್ನು ಯಾರು ನೋಡಿಕೊಳ್ಳುತ್ತಾರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೆಡಿಕೇಡ್ ಅಂದರೆ ಅಮೆರಿಕದಲ್ಲಿ ಕಡಿಮೆ ಆದಾಯದವರಿಗೆ ಇರುವ ಸರ್ಕಾರಿ ಆರೋಗ್ಯ ವಿಮೆ. ಅಲ್ಲಿನ ರಾಜ್ಯಗಳು ಇದರಲ್ಲಿ ಡಾಕ್ಟರಿಗೂ ಆಸ್ಪತ್ರೆಗೂ ದುಡ್ಡು ಕೊಡುವ ರೀತಿಯನ್ನು ಬದಲಿಸುತ್ತಲೇ ಇವೆ. ಎಸಿಒ, ಸಿಸಿಒ, ಹೆಲ್ತ್ ಹೋಮ್, ಗ್ಲೋಬಲ್ ಬಜೆಟ್ ಅಂತ ಹೆಸರುಗಳು ಬರುತ್ತವೆ, ಹೋಗುತ್ತವೆ. ಹೆಸರು ನೋಡಿ ಗಾಬರಿಯಾಗಬೇಡಿ. ಯಾವ ಯೋಜನೆ ಬಂದರೂ ಒಂದು ಪ್ರಶ್ನೆ ಕೇಳಿ ನೋಡಿ, ಅದರ ಒಳಗುಟ್ಟು ಗೊತ್ತಾಗುತ್ತದೆ: ರೋಗಿ ಮತ್ತೆ ಆಸ್ಪತ್ರೆ ಸೇರಿದರೆ ಯಾರ ಜೇಬು ತುಂಬುತ್ತದೆ, ಯಾರದು ಖಾಲಿಯಾಗುತ್ತದೆ?

ಮೆಡಿಕೇಡ್ ಫೆಡರಲ್ ಸರ್ಕಾರದ್ದಾ, ರಾಜ್ಯದ್ದಾ?

ಇಬ್ಬರದೂ. 1965ರಲ್ಲಿ ಮೆಡಿಕೇರ್ ಜೊತೆಗೇ ಹುಟ್ಟಿದ ಯೋಜನೆ ಇದು. ಮೆಡಿಕೇರ್ ಹೆಚ್ಚಾಗಿ 65 ವರ್ಷ ದಾಟಿದವರಿಗೆ, ಅದನ್ನು ಫೆಡರಲ್ ಸರ್ಕಾರವೇ ನಡೆಸುತ್ತದೆ. ಮೆಡಿಕೇಡ್ ಕಡಿಮೆ ಆದಾಯದವರಿಗೆ. ಅದನ್ನು ನಡೆಸುವುದು ರಾಜ್ಯ, ಖರ್ಚು ಇಬ್ಬರ ನಡುವೆ ಹಂಚಿಕೆ. ಫೆಡರಲ್ ಪಾಲು ಕನಿಷ್ಠ ಶೇ 50. ಬಡ ರಾಜ್ಯಗಳಿಗೆ ಜಾಸ್ತಿ. 2010ರ ಒಬಾಮಾಕೇರ್ ಕಾನೂನಿನಡಿ ಹೊಸದಾಗಿ ಸೇರಿದ ವಯಸ್ಕರಿಗೆ ಶೇ 90.

ಕ್ಯಾಲಿಫೋರ್ನಿಯಾದಲ್ಲಿ ಇದರ ಹೆಸರು ಮೆಡಿ-ಕ್ಯಾಲ್, ಮ್ಯಾಸಚೂಸೆಟ್ಸ್‌ನಲ್ಲಿ ಮಾಸ್‌ಹೆಲ್ತ್, ಟೆನೆಸಿಯಲ್ಲಿ ಟೆನ್‌ಕೇರ್. ಒಟ್ಟು ಸೇರಿ ಸುಮಾರು 7 ಕೋಟಿ ಜನ. ದೇಶದ ಹತ್ತು ಹೆರಿಗೆಗಳಲ್ಲಿ ಸುಮಾರು ನಾಲ್ಕರ ಬಿಲ್ ಕಟ್ಟುವುದು ಮೆಡಿಕೇಡ್.

ರಾಜ್ಯಗಳಿಗೆ ಇದರ ಚಿಂತೆ ಯಾಕೆ ಅಂದರೆ, ಬಹುತೇಕ ಎಲ್ಲ ರಾಜ್ಯಗಳೂ ಪ್ರತಿ ಸಲ ಬಜೆಟ್ ಸರಿದೂಗಿಸಲೇಬೇಕು. ಆರ್ಥಿಕ ಹಿಂಜರಿತ ಬಂದರೆ ತೆರಿಗೆ ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ ಕೆಲಸ ಕಳೆದುಕೊಂಡವರು ಮೆಡಿಕೇಡ್‌ಗೆ ಬರುತ್ತಾರೆ. ಎರಡೂ ಕಡೆಯಿಂದ ಏಟು.

ಹಳೆಯ ಪದ್ಧತಿಯಲ್ಲಿ ಅಂಥ ತಪ್ಪೇನಿತ್ತು?

ಹಳೆಯ ಪದ್ಧತಿ ಅಂದರೆ ಫೀ ಫಾರ್ ಸರ್ವಿಸ್. ಒಂದು ವಿಸಿಟ್‌ಗೆ ಇಷ್ಟು, ಒಂದು ಸ್ಕ್ಯಾನ್‌ಗೆ ಇಷ್ಟು, ಒಂದು ಅಡ್ಮಿಷನ್‌ಗೆ ಇಷ್ಟು. ಮಾಡಿದ ಕೆಲಸಕ್ಕೆ ದುಡ್ಡು, ನ್ಯಾಯವಾಗೇ ಕಾಣುತ್ತದೆ ಅಲ್ವಾ?

ತೊಂದರೆ ಇರುವುದು ಬಿಲ್ ಮಾಡಲು ಬಾರದ ಕೆಲಸಗಳಲ್ಲಿ. ಡಯಾಬಿಟಿಸ್ ರೋಗಿಗೆ ನರ್ಸ್ ಫೋನ್ ಮಾಡಿ 'ಇನ್ಸುಲಿನ್ ತಗೊಂಡ್ರಾ' ಅಂತ ಕೇಳಿದರೆ ಬಹಳ ಕಾಲ ಅದಕ್ಕೆ ಪೈಸೆ ಇರಲಿಲ್ಲ. ಆ ಫೋನ್ ಬಾರದೆ ರೋಗಿ ಎಮರ್ಜೆನ್ಸಿಗೆ ಬಂದರೆ ಆಸ್ಪತ್ರೆಗೆ ಸಾವಿರಾರು ಡಾಲರ್. ಕ್ಲಿನಿಕ್ ಚೆನ್ನಾಗಿ ನೋಡಿಕೊಂಡಷ್ಟೂ ಆಸ್ಪತ್ರೆಯ ಆದಾಯ ಇಳಿಯುತ್ತದೆ, ಕ್ಲಿನಿಕ್‌ಗೂ ಏನೂ ಸಿಗುವುದಿಲ್ಲ. ಇಲ್ಲಿ ಯಾರೂ ಕೆಟ್ಟವರಲ್ಲ. ಲೆಕ್ಕವೇ ಹಾಗಿದೆ.

ಇನ್ಶೂರೆನ್ಸ್ ಕಂಪನಿಗೆ ವಹಿಸಿಬಿಟ್ಟರೆ ಆಗಲ್ವಾ?

ಬಹಳಷ್ಟು ರಾಜ್ಯಗಳು ಅದನ್ನೇ ಮಾಡಿವೆ. ಇದಕ್ಕೆ ಮ್ಯಾನೇಜ್ಡ್ ಕೇರ್ ಅನ್ನುತ್ತಾರೆ. ರಾಜ್ಯ ಒಬ್ಬ ಸದಸ್ಯನಿಗೆ ತಿಂಗಳಿಗೆ ಇಷ್ಟು ಅಂತ ಕಂಪನಿಗೆ ಕೊಡುತ್ತದೆ, ಉಳಿದದ್ದು ಕಂಪನಿಯ ಹೊಣೆ. ಮೆಡಿಕೇಡ್‌ಗೆ ಎಲ್ಲರಿಗಿಂತ ಕೊನೆಗೆ, 1982ರಲ್ಲಿ ಸೇರಿದ ಅರಿಜೋನಾ ಮೊದಲ ದಿನದಿಂದಲೇ ಈ ದಾರಿ ಹಿಡಿಯಿತು. ಈಗ ದೇಶದ ಮೆಡಿಕೇಡ್ ಸದಸ್ಯರಲ್ಲಿ ನಾಲ್ಕನೇ ಮೂರು ಭಾಗದಷ್ಟು ಜನ ಇಂಥ ಪ್ಲಾನ್‌ಗಳಲ್ಲಿದ್ದಾರೆ.

ಆದರೆ ಒಂದು ವಿಷಯ ಜನ ಗಮನಿಸುವುದಿಲ್ಲ. ರಾಜ್ಯ ಕಂಪನಿಗೆ ತಿಂಗಳ ಲೆಕ್ಕದಲ್ಲಿ ಕೊಟ್ಟರೂ, ಕಂಪನಿ ಡಾಕ್ಟರಿಗೆ ಅದೇ ಹಳೆಯ ಬಿಲ್ ಲೆಕ್ಕದಲ್ಲೇ ಕೊಡಬಹುದು. ಆಗ ಆಸ್ಪತ್ರೆಯ ಮಟ್ಟದಲ್ಲಿ ಏನೂ ಬದಲಾಗಲಿಲ್ಲ, ನಡುವೆ ಒಬ್ಬರು ಸೇರಿಕೊಂಡರು ಅಷ್ಟೇ. ಅದಕ್ಕೇ ಈಗ ಹಲವು ರಾಜ್ಯಗಳು 'ನೀವು ಕೊಡುವ ದುಡ್ಡಿನಲ್ಲಿ ಇಷ್ಟು ಭಾಗ ಫಲಿತಾಂಶಕ್ಕೆ ಕಟ್ಟಿರಬೇಕು' ಅಂತ ಕಾಂಟ್ರಾಕ್ಟ್‌ನಲ್ಲೇ ಬರೆಯುತ್ತಿವೆ.

ಕನೆಕ್ಟಿಕಟ್ ಪೂರ್ತಿ ಉಲ್ಟಾ ಹೋಯಿತು. 2012ರಲ್ಲಿ ಕಂಪನಿಗಳಿಗೆ ತಿಂಗಳ ದುಡ್ಡು ಕೊಡುವುದನ್ನೇ ನಿಲ್ಲಿಸಿ, ಡಾಕ್ಟರು ಆಸ್ಪತ್ರೆಗಳಿಗೆ ನೇರವಾಗಿ ಕೊಡತೊಡಗಿತು. ಆಡಳಿತದ ಕೆಲಸಕ್ಕೆ ಮಾತ್ರ ಹೊರಗಿನ ಸಂಸ್ಥೆಗಳನ್ನು ಇಟ್ಟುಕೊಂಡಿತು. ಮ್ಯಾನೇಜ್ಡ್ ಕೇರ್ ಬಿಟ್ಟು ಬೇರೆ ದಾರಿಯೇ ಇಲ್ಲ ಅನ್ನುವವರಿಗೆ ಈ ಉದಾಹರಣೆ ಹೇಳಿ ನೋಡಿ.

ಒರೆಗಾನ್ ಹೆಸರು ಇಷ್ಟೊಂದು ಯಾಕೆ ಕೇಳಿಬರುತ್ತದೆ?

ಅಲ್ಲಿನ ಗವರ್ನರ್ ಆಗಿದ್ದ ಜಾನ್ ಕಿಟ್ಜ್‌ಹೇಬರ್ ಎಮರ್ಜೆನ್ಸಿ ಡಾಕ್ಟರ್ ಆಗಿ ಕೆಲಸ ಮಾಡಿದವರು. ಅವರು ಹೋದಲ್ಲೆಲ್ಲ ಒಂದು ಉದಾಹರಣೆ ಕೊಡುತ್ತಿದ್ದರು. ಹಾರ್ಟ್ ಫೇಲ್ಯೂರ್ ಇರುವ ಒಬ್ಬ ವಯಸ್ಸಾದ ಹೆಂಗಸು. ಬೇಸಿಗೆಯಲ್ಲಿ ಮನೆ ಕಾದು ಆಕೆಗೆ ಉಸಿರಾಟ ಕಷ್ಟವಾಗುತ್ತದೆ. ಆಂಬುಲೆನ್ಸ್‌ಗೂ ಆಸ್ಪತ್ರೆಗೂ ಸರ್ಕಾರ ಎಷ್ಟು ಬೇಕಾದರೂ ಕೊಡುತ್ತದೆ. ಕಿಟಕಿಗೆ ಹಾಕುವ 200 ಡಾಲರ್ ಏರ್ ಕಂಡಿಷನರ್‌ಗೆ ಮಾತ್ರ ಕೊಡುವುದಿಲ್ಲ.

2012ರಲ್ಲಿ ರಾಜ್ಯ ಸಿಸಿಒ ಅನ್ನುವ ಸಂಸ್ಥೆಗಳನ್ನು ಶುರು ಮಾಡಿತು. ಪೂರ್ತಿ ಹೆಸರು ಕೋಆರ್ಡಿನೇಟೆಡ್ ಕೇರ್ ಆರ್ಗನೈಸೇಶನ್. ಒಂದು ಪ್ರದೇಶದ ಡಾಕ್ಟರುಗಳು, ಆಸ್ಪತ್ರೆ, ಮಾನಸಿಕ ಆರೋಗ್ಯದವರು, ಹಲ್ಲಿನವರು ಎಲ್ಲ ಒಂದೇ ಬಜೆಟ್ಟಿನ ಕೆಳಗೆ. ಆ ಬಜೆಟ್ಟಿನಿಂದ ಏರ್ ಕಂಡಿಷನರ್ ಕೂಡ ಕೊಳ್ಳಬಹುದು. ಪ್ರತಿ ಸಿಸಿಒಗೂ ಒಂದು ಸಮುದಾಯ ಸಲಹಾ ಮಂಡಳಿ ಇರಬೇಕು, ಅದರಲ್ಲಿ ಮೆಡಿಕೇಡ್ ಸದಸ್ಯರೇ ಹೆಚ್ಚಿರಬೇಕು. ಫೆಡರಲ್ ಸರ್ಕಾರ ಐದು ವರ್ಷಕ್ಕೆ ಸುಮಾರು 190 ಕೋಟಿ ಡಾಲರ್ ಕೊಟ್ಟಿತು. ಬದಲಿಗೆ, ತಲಾ ಖರ್ಚಿನ ಏರಿಕೆಯನ್ನು ವರ್ಷಕ್ಕೆ ಶೇ 3.4ಕ್ಕೆ ಇಳಿಸುತ್ತೇವೆ ಅಂತ ರಾಜ್ಯ ಮಾತು ಕೊಟ್ಟಿತು. ತಪ್ಪಿದರೆ ದಂಡವೂ ಇತ್ತು.

ಆಮೇಲೇನಾಯಿತು? ಪಕ್ಕದ ವಾಷಿಂಗ್ಟನ್ ರಾಜ್ಯದ ಜೊತೆ ಹೋಲಿಸಿದ ಒಂದು ಅಧ್ಯಯನ 2017ರಲ್ಲಿ ಬಂತು. ಅಳೆದ ಸೇವೆಗಳಲ್ಲಿ ಖರ್ಚು ಶೇ 7ರಷ್ಟು ಕಡಿಮೆಯಾಗಿತ್ತು, ಅದರಲ್ಲಿ ಹೆಚ್ಚಿನ ಭಾಗ ಆಸ್ಪತ್ರೆ ಅಡ್ಮಿಷನ್‌ನಿಂದ. ತಪ್ಪಿಸಬಹುದಾದ ಎಮರ್ಜೆನ್ಸಿ ಭೇಟಿಗಳೂ ಇಳಿದಿದ್ದವು. ಆದರೆ ಪ್ರೈಮರಿ ಕೇರ್ ವಿಸಿಟ್, ಅಂದರೆ ಮಾಮೂಲಿ ಡಾಕ್ಟರ್ ಭೇಟಿ ಕೂಡ ಕಡಿಮೆಯಾಗಿತ್ತು. ಇದು ಯಾರೂ ಬಯಸಿದ್ದಲ್ಲ. ಒರೆಗಾನ್ ಹೊಗಳುವವರು ಈ ಸಾಲನ್ನು ಸುಮ್ನೆ ಬಿಟ್ಟುಬಿಡುತ್ತಾರೆ.

ಮೇರಿಲ್ಯಾಂಡ್‌ನಲ್ಲಿ ಆಸ್ಪತ್ರೆಗೆ ಸಂಬಳ ಕೊಟ್ಟ ಹಾಗೆ ಕೊಡುತ್ತಾರಂತೆ, ನಿಜವಾ?

ಹೆಚ್ಚುಕಡಿಮೆ ನಿಜ. ನನ್ನ ಪ್ರಕಾರ ಇಡೀ ದೇಶದಲ್ಲೇ ಅತಿ ಗಟ್ಟಿಯಾದ ಪ್ರಯೋಗ ಇದು.

ಮೇರಿಲ್ಯಾಂಡ್ 1971ರಲ್ಲೇ ಆಸ್ಪತ್ರೆ ದರ ನಿಗದಿ ಮಾಡಲು ಒಂದು ಆಯೋಗವನ್ನು ಕಾನೂನಿನಿಂದ ಕಟ್ಟಿತು. 1977ರಿಂದ ಮೆಡಿಕೇರ್ ಕೂಡ ಅದೇ ದರಕ್ಕೆ ಒಪ್ಪಿತು. ಬೇರೆ ರಾಜ್ಯಗಳಲ್ಲಿ ಒಂದೇ ಆಪರೇಷನ್‌ಗೆ ಖಾಸಗಿ ಇನ್ಶೂರೆನ್ಸ್ ಒಂದು ಬೆಲೆ, ಮೆಡಿಕೇರ್ ಇನ್ನೊಂದು, ಮೆಡಿಕೇಡ್ ಮತ್ತೊಂದು. ಇಲ್ಲಿ ಒಂದು ಆಸ್ಪತ್ರೆಯ ದರ ಹತ್ತಿರಹತ್ತಿರ ಎಲ್ಲರಿಗೂ ಒಂದೇ. ಹಾಗಾಗಿ ಮೆಡಿಕೇಡ್ ರೋಗಿಯನ್ನು ದೂರ ಇಡುವ ಆಸೆ ಆಸ್ಪತ್ರೆಗೆ ಹುಟ್ಟುವುದಿಲ್ಲ.

ಆದರೆ ದರ ಕಟ್ಟಿಹಾಕಿದರೂ ಸಂಖ್ಯೆ ಕಟ್ಟಿಹಾಕಿರಲಿಲ್ಲ. ಹೆಚ್ಚು ಅಡ್ಮಿಟ್ ಮಾಡಿಕೊಂಡರೆ ಹೆಚ್ಚು ದುಡ್ಡು. 2010ರ ಸುಮಾರಿಗೆ ಕೆಲವು ಗ್ರಾಮೀಣ ಆಸ್ಪತ್ರೆಗಳಲ್ಲಿ ನಡೆದಿದ್ದ ಪ್ರಯೋಗವನ್ನು 2014ರಲ್ಲಿ ರಾಜ್ಯದ ತುಂಬ ಹರಡಿದರು. ಅದೇ ಗ್ಲೋಬಲ್ ಬಜೆಟ್. ವರ್ಷದ ಆರಂಭದಲ್ಲೇ ಆಸ್ಪತ್ರೆಗೆ ಹೇಳಿಬಿಡುತ್ತಾರೆ: ಈ ವರ್ಷ ನಿಮಗೆ ಸಿಗುವುದು ಇಷ್ಟು. ಹಾಸಿಗೆ ತುಂಬಿದರೂ ಅಷ್ಟೇ, ಖಾಲಿ ಇದ್ದರೂ ಅಷ್ಟೇ. ಆವತ್ತಿನಿಂದ ಅಡ್ಮಿಷನ್ ಅಂದರೆ ಆದಾಯ ಅಲ್ಲ, ಖರ್ಚು. ನಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿ ತಲೆಕೆಳಗಾಯಿತು. ಡಿಸ್ಚಾರ್ಜ್ ಆದವರ ಹಿಂದೆ ಬಿದ್ದು 'ಮಾತ್ರೆ ತಗೊಂಡ್ರಾ' ಅಂತ ಕೇಳುವುದು ಆಸ್ಪತ್ರೆಯ ಸ್ವಾರ್ಥವೇ ಆಯಿತು.

ಗುರಿ ಏನಿತ್ತು? ಆಸ್ಪತ್ರೆಯ ತಲಾ ಖರ್ಚು ವರ್ಷಕ್ಕೆ ಶೇ 3.58ಕ್ಕಿಂತ ಜಾಸ್ತಿ ಏರಬಾರದು, ಐದು ವರ್ಷದಲ್ಲಿ ಮೆಡಿಕೇರ್‌ಗೆ 33 ಕೋಟಿ ಡಾಲರ್ ಉಳಿಯಬೇಕು. ಅದಕ್ಕಿಂತ ಎಷ್ಟೋ ಹೆಚ್ಚು ಉಳಿಯಿತು. ಕೊರತೆಯೂ ಇತ್ತು. ಆಸ್ಪತ್ರೆಯ ಹೊರಗೆ ಕೆಲಸ ಮಾಡುವ ಡಾಕ್ಟರುಗಳು ಈ ಲೆಕ್ಕದಲ್ಲಿ ಇರಲಿಲ್ಲ, ಅವರ ಬಿಲ್ ಹಳೆಯ ದಾರಿಯಲ್ಲೇ ನಡೆದಿತ್ತು. ಅದನ್ನು ಸರಿಪಡಿಸಲು 2019ರಲ್ಲಿ ಒಟ್ಟು ಖರ್ಚನ್ನೇ ಲೆಕ್ಕಕ್ಕೆ ತರುವ ಹೊಸ ಒಪ್ಪಂದ ಬಂತು.

ಬೇರೆ ರಾಜ್ಯಗಳು ಇದನ್ನೇ ಮಾಡಬಾರದಾ ಅಂತ ಕೇಳುತ್ತೀರಿ. ನಲವತ್ತು ವರ್ಷದ ದರ ಆಯೋಗ ಮೊದಲೇ ಇದ್ದದ್ದರಿಂದ ಮೇರಿಲ್ಯಾಂಡ್‌ಗೆ ಇದು ಸಾಧ್ಯವಾಯಿತು. ಪೆನ್ಸಿಲ್ವೇನಿಯಾ 2019ರಲ್ಲಿ ಗ್ರಾಮೀಣ ಆಸ್ಪತ್ರೆಗಳಿಗೆ ಮಾತ್ರ ಇಂಥ ಬಜೆಟ್ ಶುರು ಮಾಡಿತು. ಬೇರೆ ಕಡೆ ಖಾಸಗಿ ಇನ್ಶೂರೆನ್ಸ್‌ನಿಂದ ದೊಡ್ಡ ಬೆಲೆ ಪಡೆಯುತ್ತಿರುವ ಆಸ್ಪತ್ರೆಗಳು ಒಂದೇ ದರಕ್ಕೆ ಯಾಕೆ ಒಪ್ಪುತ್ತವೆ ಹೇಳಿ.

ಅರ್ಕಾನ್ಸಾ ಮಾಡಿದ್ದೇನು?

ಅದು ಬೇರೆ ತುದಿಯಿಂದ ಹಿಡಿಯಿತು. ಇಡೀ ಮನುಷ್ಯನ ಬದಲು ಒಂದೊಂದು ಕಾಯಿಲೆಯ ಲೆಕ್ಕ. 2012ರಲ್ಲಿ ಮೆಡಿಕೇಡ್ ಮತ್ತು ಖಾಸಗಿ ಇನ್ಶೂರೆನ್ಸ್ ಕಂಪನಿಗಳು ಸೇರಿ ಶುರು ಮಾಡಿದವು. ಒಂದು ಹೆರಿಗೆ, ಒಂದು ಮೊಣಕಾಲು ಬದಲಾವಣೆ, ಒಂದು ನೆಗಡಿ-ಗಂಟಲು ನೋವು ಅಂದರೆ ಒಂದು ಎಪಿಸೋಡ್. ಪ್ರತಿಯೊಂದಕ್ಕೂ ಒಬ್ಬ ಡಾಕ್ಟರನ್ನೋ ಆಸ್ಪತ್ರೆಯನ್ನೋ ಹೊಣೆಗಾರ ಮಾಡುತ್ತಿದ್ದರು. ವರ್ಷದ ಕೊನೆಗೆ ಅವರ ಸರಾಸರಿ ಖರ್ಚು ಕಡಿಮೆಯಿದ್ದರೆ ಉಳಿತಾಯದಲ್ಲಿ ಪಾಲು, ತೀರಾ ಜಾಸ್ತಿಯಿದ್ದರೆ ವಾಪಸ್ ಕಟ್ಟಬೇಕಿತ್ತು. ಟೆನೆಸಿ, ಒಹಾಯೊ ಇದನ್ನು ನೋಡಿ ತಾವೂ ಮಾಡಿದವು.

ಮೊಣಕಾಲಿಗೆ ಇದು ಸರಿ. ಆದರೆ ಡಯಾಬಿಟಿಸ್, ಖಿನ್ನತೆ, ಬೆನ್ನುನೋವು ಮೂರೂ ಇರುವ ಮನುಷ್ಯನ ಬದುಕು ಎಪಿಸೋಡ್‌ಗಳಾಗಿ ತುಂಡಾಗುವುದಿಲ್ಲ. ಎಪಿಸೋಡ್ ಅಗ್ಗವಾದರೂ ಎಪಿಸೋಡ್‌ಗಳ ಸಂಖ್ಯೆಗೆ ಮಿತಿ ಇಲ್ಲ ಅನ್ನುವುದು ಇನ್ನೊಂದು ತೊಡಕು.

ವರ್ಮಾಂಟ್?

2014ರ ಡಿಸೆಂಬರ್‌ನಲ್ಲಿ ಗವರ್ನರ್ ಪೀಟರ್ ಶಮ್ಲಿನ್ ಸಿಂಗಲ್ ಪೇಯರ್ (ಎಲ್ಲರ ಬಿಲ್ಲನ್ನೂ ಸರ್ಕಾರವೇ ಕಟ್ಟುವ ವ್ಯವಸ್ಥೆ) ಕನಸನ್ನು ಕೈಬಿಟ್ಟರು. ತೆರಿಗೆ ತುಂಬಾ ಏರಿಸಬೇಕಾಗುತ್ತಿತ್ತು. 2017ರಿಂದ ಮೆಡಿಕೇರ್, ಮೆಡಿಕೇಡ್, ಖಾಸಗಿ ಇನ್ಶೂರೆನ್ಸ್ ಮೂರನ್ನೂ ಒಂದೇ ಎಸಿಒ ಮೂಲಕ ನಡೆಸುವ ಪ್ರಯತ್ನ ನಡೆಯಿತು. ಎಸಿಒ ಅಂದರೆ ಒಂದಿಷ್ಟು ರೋಗಿಗಳ ಒಟ್ಟು ಖರ್ಚು ಮತ್ತು ಗುಣಮಟ್ಟಕ್ಕೆ ಸೇರಿ ಜವಾಬ್ದಾರಿ ಹೊರುವ ಡಾಕ್ಟರು-ಆಸ್ಪತ್ರೆಗಳ ಗುಂಪು. ರಾಜ್ಯದ ಶೇ 70 ಜನರನ್ನು ಒಳಗೆ ತರುವ ಗುರಿ ಮುಟ್ಟಲಿಲ್ಲ. 2025ರ ಕೊನೆಗೆ ಒಪ್ಪಂದ ಮುಗಿಯಿತು.

ಕೇರ್ ಕೋಆರ್ಡಿನೇಶನ್ ಅಂದರೆ ನಿಜವಾಗಿ ಯಾರು ಏನು ಮಾಡುತ್ತಾರೆ?

ಹೆಚ್ಚಾಗಿ ಒಬ್ಬ ನರ್ಸ್, ಸೋಶಿಯಲ್ ವರ್ಕರ್, ಅಥವಾ ಕಮ್ಯುನಿಟಿ ಹೆಲ್ತ್ ವರ್ಕರ್. ಅಪಾಯಿಂಟ್‌ಮೆಂಟ್ ಮಾಡಿಸುವುದು, ಗಾಡಿ ಏರ್ಪಾಡು ಮಾಡುವುದು, ಮೂವರು ಡಾಕ್ಟರು ಬರೆದ ಮಾತ್ರೆಗಳಲ್ಲಿ ಒಂದಕ್ಕೊಂದು ಆಗದವು ಇವೆಯಾ ಅಂತ ನೋಡಿಸುವುದು, ಡಿಸ್ಚಾರ್ಜ್ ಆದ ಮೇಲೆ ಮನೆಗೆ ಹೋಗಿ ಬರುವುದು. ದೊಡ್ಡ ತಂತ್ರಜ್ಞಾನ ಏನಿಲ್ಲ. ಒಂದು ಮಾತ್ರ ಬೇಕೇ ಬೇಕು: ರೋಗಿ ಅಡ್ಮಿಟ್ ಆದ ಸುದ್ದಿ ಅದೇ ದಿನ ತಿಳಿಯಬೇಕು. ಮೇರಿಲ್ಯಾಂಡ್‌ನಲ್ಲಿ ಕ್ರಿಸ್ಪ್ ಅನ್ನುವ ಮಾಹಿತಿ ಜಾಲ ಆ ಸುದ್ದಿಯನ್ನು ಪ್ರೈಮರಿ ಕೇರ್ ಡಾಕ್ಟರಿಗೆ ಮುಟ್ಟಿಸುತ್ತದೆ. ಇದಿಲ್ಲದ ಕಡೆ ಕೋಆರ್ಡಿನೇಟರ್‌ಗೆ ವಿಷಯ ಗೊತ್ತಾಗುವುದು ವಾರಗಳ ನಂತರ ಬಿಲ್ ಬಂದಾಗ.

2010ರ ಕಾನೂನು ಇದಕ್ಕೆಂದೇ ಹೆಲ್ತ್ ಹೋಮ್ ಅನ್ನುವ ಅವಕಾಶ ಕೊಟ್ಟಿತು. ಮೊದಲ ಎರಡು ವರ್ಷ ಖರ್ಚಿನ ಶೇ 90 ಫೆಡರಲ್ ಸರ್ಕಾರದ್ದು. 2011ರಲ್ಲಿ ಮಿಸೂರಿ ಮೊದಲಿಗೆ ಒಪ್ಪಿಗೆ ಪಡೆದು, ಮಾನಸಿಕ ಆರೋಗ್ಯ ಕೇಂದ್ರಗಳಲ್ಲೇ ಬಿಪಿ, ಶುಗರ್ ನೋಡುವ ಏರ್ಪಾಡು ಮಾಡಿತು. ಸ್ಕಿಜೋಫ್ರೀನಿಯಾ ಇರುವವರು ಹೇಗೂ ಅಲ್ಲಿಗೆ ಬರುತ್ತಾರೆ, ಅಲ್ಲೇ ಉಳಿದದ್ದೂ ಆಗಲಿ ಅಂತ. ಒಳ್ಳೆಯ ಯೋಚನೆ. ಆದರೆ ಎರಡು ವರ್ಷದ ನಂತರ ಶೇ 90 ನಿಂತಾಗ ಕೆಲವು ರಾಜ್ಯಗಳ ಉತ್ಸಾಹವೂ ನಿಂತಿತು.

ಇದರಿಂದ ಖರ್ಚು ಉಳಿಯುತ್ತದೆ ಅಂತ ಸಾಬೀತಾಗಿದೆಯಾ?

ಕ್ಯಾಮ್ಡನ್ ವಿಷಯ ತಿಳಿಯದೆ ಇದಕ್ಕೆ ಉತ್ತರ ಹೇಳಲು ಆಗುವುದಿಲ್ಲ.

ನ್ಯೂಜೆರ್ಸಿಯ ಕ್ಯಾಮ್ಡನ್ ಬಡ ಊರು. ಅಲ್ಲಿನ ಡಾಕ್ಟರ್ ಜೆಫ್ರಿ ಬ್ರೆನ್ನರ್ ಆಸ್ಪತ್ರೆ ಬಿಲ್‌ಗಳನ್ನು ನೋಡಿದಾಗ, ಕೆಲವೇ ಜನರ ಮೇಲೆ ಖರ್ಚಿನ ದೊಡ್ಡ ಪಾಲು ಹೋಗುತ್ತಿರುವುದು ಕಂಡಿತು. ಅಂಥವರನ್ನು ಹುಡುಕಿ, ಡಿಸ್ಚಾರ್ಜ್ ಆದ ಮೇಲೆ ತಿಂಗಳುಗಟ್ಟಲೆ ಜೊತೆಗಿದ್ದು ನೋಡಿಕೊಳ್ಳುವ ತಂಡ ಕಟ್ಟಿದರು. ಅಡ್ಮಿಷನ್‌ಗಳು ಗಣನೀಯವಾಗಿ ಇಳಿದವು. ದೇಶವೇ ತಿರುಗಿ ನೋಡಿತು, ಹಲವು ಊರುಗಳು ಇದನ್ನೇ ಅನುಸರಿಸಿದವು.

ಆಮೇಲೆ ಅವರು ಬಹಳ ಕಡಿಮೆ ಜನ ಮಾಡುವ ಕೆಲಸ ಮಾಡಿದರು. ನಿಜವಾದ ಪರೀಕ್ಷೆಗೆ ಒಪ್ಪಿದರು. 800 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ತಂಡದ ನೆರವು ಕೊಟ್ಟರು. 2020ರ ಜನವರಿಯಲ್ಲಿ ಫಲಿತಾಂಶ ಬಂತು. 180 ದಿನದಲ್ಲಿ ಮತ್ತೆ ಅಡ್ಮಿಟ್ ಆದವರು ನೆರವು ಪಡೆದ ಗುಂಪಿನಲ್ಲಿ ಶೇ 62.3, ಪಡೆಯದ ಗುಂಪಿನಲ್ಲಿ ಶೇ 61.7. ಅಂದರೆ ವ್ಯತ್ಯಾಸವೇ ಇಲ್ಲ.

ಹಾಗಾದರೆ ಮೊದಲು ಕಂಡ ಇಳಿಕೆ? ಒಬ್ಬ ಮನುಷ್ಯನನ್ನು ಅವನು ಅತಿ ಹೆಚ್ಚು ಕಾಯಿಲೆ ಬಿದ್ದಿರುವ ಹೊತ್ತಿನಲ್ಲಿ ಆರಿಸಿಕೊಂಡರೆ, ಏನೂ ಮಾಡದಿದ್ದರೂ ಮುಂದಿನ ತಿಂಗಳುಗಳು ಸ್ವಲ್ಪ ಉತ್ತಮವಾಗಿಯೇ ಇರುವ ಸಾಧ್ಯತೆ ಜಾಸ್ತಿ. ಹೋಲಿಕೆಗೆ ಇನ್ನೊಂದು ಗುಂಪು ಇಲ್ಲದಿದ್ದರೆ ಅದೆಲ್ಲ ನಮ್ಮ ಸಾಧನೆ ಅನ್ನಿಸಿಬಿಡುತ್ತದೆ. ರಾಜ್ಯದ ಯಾವುದೇ ಪ್ರೆಸ್ ನೋಟ್‌ನಲ್ಲಿ 'ನಮ್ಮ ಯೋಜನೆಗೆ ಸೇರಿದ ಮೇಲೆ ಎಮರ್ಜೆನ್ಸಿ ಭೇಟಿ ಇಷ್ಟು ಕಡಿಮೆಯಾಯಿತು' ಅಂತ ಕಂಡರೆ ಮೊದಲು ಕೇಳಬೇಕಾದ್ದು: ಸೇರದವರಲ್ಲಿ ಎಷ್ಟು ಕಡಿಮೆಯಾಯಿತು?

ಇದರ ಅರ್ಥ ಕೋಆರ್ಡಿನೇಶನ್ ವ್ಯರ್ಥ ಅಂತಲ್ಲ. ಅಪಾಯಿಂಟ್‌ಮೆಂಟ್ ಹುಡುಕಿಕೊಡಬಹುದು, ಆದರೆ ಊರಲ್ಲಿ ಮನೆಯೇ ಇಲ್ಲ, ವ್ಯಸನ ಬಿಡಿಸುವ ಸೆಂಟರ್‌ನಲ್ಲಿ ಜಾಗವೇ ಇಲ್ಲ ಅಂದರೆ ಕೋಆರ್ಡಿನೇಟರ್ ಯಾವುದನ್ನು ಯಾವುದಕ್ಕೆ ಜೋಡಿಸಬೇಕು? ಒಬ್ಬ ರೋಗಿಗೆ ಒಬ್ಬ ಗೊತ್ತಿರುವ ಮನುಷ್ಯ ಫೋನ್ ಎತ್ತುತ್ತಾನೆ ಅನ್ನುವುದೇ ಒಂದು ಬೆಲೆ. ಅದನ್ನು ಉಳಿತಾಯದ ಹೆಸರಲ್ಲಿ ಮಾರುವುದು ನನಗೆ ಸರಿ ಕಾಣುವುದಿಲ್ಲ.

ಮನೆ, ಊಟಕ್ಕೂ ಮೆಡಿಕೇಡ್ ದುಡ್ಡು ಕೊಡುತ್ತದಾ?

ಕೆಲವು ಕಡೆ, ಕೆಲವರಿಗೆ. ರಾಜ್ಯಗಳು ಫೆಡರಲ್ ಸರ್ಕಾರದಿಂದ 1115 ಅನ್ನುವ ವಿನಾಯಿತಿ ಪಡೆದು ಇಂಥ ಪ್ರಯೋಗ ಮಾಡುತ್ತವೆ. ನಾರ್ತ್ ಕ್ಯಾರೊಲೈನಾ 65 ಕೋಟಿ ಡಾಲರ್‌ವರೆಗಿನ ಅನುಮತಿ ಪಡೆದು 2022ರಲ್ಲಿ ತರಕಾರಿ ಡಬ್ಬ, ಬಾಡಿಗೆ ನೆರವು, ಗಾಡಿ ವ್ಯವಸ್ಥೆ ಶುರು ಮಾಡಿತು. 2025ರ ಜುಲೈನಲ್ಲಿ ನಿಂತುಹೋಯಿತು. ಕಾರಣ, ರಾಜ್ಯದ ಶಾಸಕರು ಮುಂದಿನ ದುಡ್ಡು ಕೊಡಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2022ರ ಜನವರಿಯಿಂದ ಕ್ಯಾಲ್‌ಏಮ್ ಅನ್ನುವ ಯೋಜನೆ ಇದೆ: ಮನೆ ಅಡ್ವಾನ್ಸ್, ಕಾಯಿಲೆಗೆ ತಕ್ಕ ಊಟ, ಆಸ್ತಮಾ ಇರುವವರ ಮನೆಯ ಬೂಷ್ಟು ತೆಗೆಸುವುದು ಇತ್ಯಾದಿ. 2025ರ ಮಾರ್ಚ್‌ನಲ್ಲಿ ಫೆಡರಲ್ ಸರ್ಕಾರ ಇಂಥ ಸೇವೆಗಳ ಬಗ್ಗೆ ಹಿಂದೆ ಕೊಟ್ಟಿದ್ದ ಮಾರ್ಗಸೂಚಿಯನ್ನು ಹಿಂತೆಗೆದುಕೊಂಡಿತು. ಹೊಸ ರಾಜ್ಯಗಳಿಗೆ ಬಾಗಿಲು ಕಿರಿದಾಗಿದೆ.

ಮೆಡಿಕೇರ್, ಮೆಡಿಕೇಡ್ ಎರಡೂ ಇರುವವರ ಪಾಡೇನು?

ಇಂಥವರು ಸುಮಾರು 1.2 ಕೋಟಿ. ಡಾಕ್ಟರು, ಆಸ್ಪತ್ರೆಗೆ ಮೆಡಿಕೇರ್, ನರ್ಸಿಂಗ್ ಹೋಮ್ ಮತ್ತು ಮನೆಯ ಸಹಾಯಕರಿಗೆ ಮೆಡಿಕೇಡ್. ಈಗ ಲೆಕ್ಕ ನೋಡಿ. ರಾಜ್ಯ ತನ್ನ ದುಡ್ಡು ಹಾಕಿ ಒಳ್ಳೆಯ ಮನೆ ಆರೈಕೆ ಕೊಟ್ಟರೆ ಅಡ್ಮಿಷನ್ ಕಡಿಮೆಯಾಗುತ್ತದೆ. ಉಳಿತಾಯ ಮಾತ್ರ ಮೆಡಿಕೇರ್‌ಗೆ, ಅಂದರೆ ಫೆಡರಲ್ ಸರ್ಕಾರಕ್ಕೆ. ರಾಜ್ಯ ಯಾಕೆ ಖರ್ಚು ಮಾಡಬೇಕು? ವಾಷಿಂಗ್ಟನ್ ರಾಜ್ಯ ಈ ಗಂಟನ್ನು ಬಿಡಿಸಿತು. 2013ರಿಂದ ಆ ಉಳಿತಾಯದಲ್ಲಿ ತನಗೂ ಪಾಲು ಬರುವ ಒಪ್ಪಂದ ಮಾಡಿಕೊಂಡಿತು, ಪಾಲು ಬಂತು ಕೂಡ.

ಇನ್ನೂ ಹಳೆಯ ಮಾದರಿ ಪೇಸ್. ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನ್‌ನಲ್ಲಿ 1970ರ ದಶಕದಲ್ಲಿ ಆನ್ ಲಾಕ್ ಸಂಸ್ಥೆಯಿಂದ ಬೆಳೆದದ್ದು. 55 ದಾಟಿದ, ನರ್ಸಿಂಗ್ ಹೋಮ್ ಬೇಕಾಗುವಷ್ಟು ಸೋತವರನ್ನು ಮನೆಯಲ್ಲೇ ಇಟ್ಟು, ಎರಡೂ ಯೋಜನೆಯ ದುಡ್ಡನ್ನು ಒಂದೇ ಕೈಗೆ ಕೊಟ್ಟು, ಒಂದೇ ತಂಡ ನೋಡಿಕೊಳ್ಳುತ್ತದೆ. ನಿಮ್ಮ ಕೌಂಟಿಯಲ್ಲಿ ಇದ್ದರೆ ವಿಚಾರಿಸಿ.

ದುಡ್ಡು ಉಳಿಸಲು ಚಿಕಿತ್ಸೆಯನ್ನೇ ಕಡಿಮೆ ಮಾಡಿದರೆ?

ಮಾಡುವ ಅಪಾಯ ಇದ್ದೇ ಇದೆ. ಬಜೆಟ್ ಕಟ್ಟಿಕೊಟ್ಟರೆ ಕಡಿಮೆ ಮಾಡುವ ಆಸೆ, ಬಿಲ್ ಲೆಕ್ಕದಲ್ಲಿ ಕೊಟ್ಟರೆ ಜಾಸ್ತಿ ಮಾಡುವ ಆಸೆ. ಅದಕ್ಕೇ ದುಡ್ಡಿನ ಒಂದು ಭಾಗವನ್ನು ತಡೆಹಿಡಿದು, ಲಸಿಕೆ, ಬಿಪಿ, ಗರ್ಭಿಣಿಯರ ತಪಾಸಣೆಯಂಥ ಅಳತೆಗಳಲ್ಲಿ ಪಾಸಾದರೆ ಮಾತ್ರ ಕೊಡುತ್ತಾರೆ. ಹೆಚ್ಚು ಕಾಯಿಲೆ ಇರುವವರಿಗೆ ಹೆಚ್ಚು ಮೊತ್ತ ಕೂಡ ಇಡುತ್ತಾರೆ, ಇಲ್ಲದಿದ್ದರೆ ಗಟ್ಟಿಮುಟ್ಟಾದವರನ್ನೇ ಆರಿಸಿಕೊಳ್ಳುತ್ತಾರೆ.

ಡಾಕ್ಟರುಗಳು ಇದರ ಬಗ್ಗೆ ಗೊಣಗುವುದು ಯಾಕೆ?

2019ರ ಲೆಕ್ಕದಲ್ಲಿ ಮೆಡಿಕೇಡ್ ಡಾಕ್ಟರಿಗೆ ಕೊಡುತ್ತಿದ್ದದ್ದು ಮೆಡಿಕೇರ್ ದರದ ಶೇ 72ರಷ್ಟು. ಅದರ ಮೇಲೆ ಪ್ರತಿ ಪ್ಲಾನ್‌ಗೂ ಬೇರೆ ಫಾರ್ಮ್, ಬೇರೆ ಅಳತೆ. ಗೊಣಗದೆ ಇನ್ನೇನು ಮಾಡುತ್ತಾರೆ?

2025ರ ಹೊಸ ಕಾನೂನು ಇದನ್ನೆಲ್ಲ ಹಾಳು ಮಾಡುತ್ತದಾ?

2025ರ ಜುಲೈ 4ರಂದು ಸಹಿಯಾದ ಕಾನೂನು ಮೇಲೆ ಹೇಳಿದ ಮಾದರಿಗಳನ್ನು ನೇರವಾಗಿ ರದ್ದು ಮಾಡಿಲ್ಲ. ಆದರೆ ಆಸ್ಪತ್ರೆಗಳ ಮೇಲೆ ತೆರಿಗೆ ಹಾಕಿ ಅದರಿಂದ ಮೆಡಿಕೇಡ್ ಪಾಲು ತುಂಬುವ ರಾಜ್ಯಗಳ ದಾರಿಗೆ ಮಿತಿ ಹಾಕಿದೆ. 2027ರ ಜನವರಿ 1ರ ಹೊತ್ತಿಗೆ, 2010ರ ಕಾನೂನಿನಡಿ ಸೇರಿದ ಹಲವು ವಯಸ್ಕರು ತಿಂಗಳಿಗೆ 80 ಗಂಟೆ ಕೆಲಸ ಅಥವಾ ಅದಕ್ಕೆ ಸಮನಾದದ್ದನ್ನು ತೋರಿಸಬೇಕು. ಗ್ರಾಮೀಣ ಆರೋಗ್ಯಕ್ಕೆ ಐದು ವರ್ಷಕ್ಕೆ 5,000 ಕೋಟಿ ಡಾಲರ್ ಇಟ್ಟಿದ್ದಾರೆ.

ಕೋಆರ್ಡಿನೇಶನ್‌ಗೆ ನಿಜವಾದ ಏಟು ಎಲ್ಲಿ ಅಂದರೆ, ಜನ ಮೆಡಿಕೇಡ್‌ನ ಒಳಗೆ ಹೊರಗೆ ಆಗುತ್ತಿದ್ದರೆ ಯಾರ ಮೇಲೂ ಯಾರೂ ದುಡ್ಡು ಹಾಕುವುದಿಲ್ಲ. ಇವತ್ತು ಶುಗರ್ ಹತೋಟಿಗೆ ತಂದರೆ ಲಾಭ ಐದು ವರ್ಷದ ನಂತರ. ಆರು ತಿಂಗಳಲ್ಲಿ ಸದಸ್ಯತ್ವ ಹೋಗುವವರ ಮೇಲೆ ಪ್ಲಾನ್ ಯಾಕೆ ಖರ್ಚು ಮಾಡುತ್ತದೆ?

ಗ್ರೀನ್ ಕಾರ್ಡ್ ಇರುವ ಅಪ್ಪ-ಅಮ್ಮನಿಗೆ ಇದೆಲ್ಲ ಸಿಗುತ್ತದಾ?

1996ರ ಕಾನೂನಿನಂತೆ ಹೆಚ್ಚಿನವರು ಮೊದಲ ಐದು ವರ್ಷ ಫೆಡರಲ್ ಮೆಡಿಕೇಡ್‌ಗೆ ಕಾಯಬೇಕು. ಕೆಲವು ರಾಜ್ಯಗಳು ತಮ್ಮ ದುಡ್ಡಿನಿಂದ ಕೊಡುತ್ತವೆ, ನಿಯಮ ಬದಲಾಗುತ್ತಿರುತ್ತದೆ. ವಿಸಿಟರ್ ವೀಸಾದಲ್ಲಿ ಬಂದವರಿಗೆ ಈ ಯೋಜನೆ ಅಲ್ಲ.

ನನಗೆ ಕೋಆರ್ಡಿನೇಟರ್ ಬೇಕು, ಎಲ್ಲಿ ಕೇಳಲಿ?

ನಿಮ್ಮ ಮೆಡಿಕೇಡ್ ಕಾರ್ಡ್ ಹಿಂದೆ ಇರುವ ಮೆಂಬರ್ ಸರ್ವಿಸ್ ನಂಬರಿಗೆ ಫೋನ್ ಮಾಡಿ 'ಕೇರ್ ಮ್ಯಾನೇಜ್‌ಮೆಂಟ್ ಬೇಕು' ಅಂತ ಕೇಳಿ. ಮ್ಯಾನೇಜ್ಡ್ ಕೇರ್ ಪ್ಲಾನ್ ಹೊಸ ಸದಸ್ಯರ ಆರೋಗ್ಯದ ಪ್ರಾಥಮಿಕ ವಿಚಾರಣೆಯನ್ನು 90 ದಿನದೊಳಗೆ ಮಾಡಲು ಪ್ರಯತ್ನಿಸಬೇಕು ಅಂತ ಫೆಡರಲ್ ನಿಯಮವಿದೆ. ಆ ಫೋನ್ ಬಂದಾಗ ಮಾರಾಟದ ಕರೆ ಅಂದುಕೊಂಡು ಕಟ್ ಮಾಡಬೇಡಿ. ಮನೆಯ ತೊಂದರೆ, ಗಾಡಿಯ ತೊಂದರೆ, ಬೇರೆ ಡಾಕ್ಟರು ಕೊಟ್ಟ ಮಾತ್ರೆ, ಎಲ್ಲ ಹೇಳಿ.

ಇಂಗ್ಲಿಷ್ ಕಷ್ಟವಾದರೆ ಕನ್ನಡ ಇಂಟರ್ಪ್ರಿಟರ್ ಕೇಳಿ. ಪ್ಲಾನ್ ಉಚಿತವಾಗಿ ಕೊಡಬೇಕು, ಯಾವ ಭಾಷೆಯಾದರೂ ಸರಿ. ಏನಾದರೂ ಸೇವೆ ನಿರಾಕರಿಸಿದರೆ ಪತ್ರ ಬರುತ್ತದೆ. ಪತ್ರದ ತಾರೀಖಿನಿಂದ 60 ದಿನದೊಳಗೆ ಪ್ಲಾನ್‌ಗೆ ಅಪೀಲ್ ಹಾಕಬಹುದು. ಅಲ್ಲೂ ಆಗಲ್ಲ ಅಂದರೆ ರಾಜ್ಯದ ಫೇರ್ ಹಿಯರಿಂಗ್, ಅಂದರೆ ರಾಜ್ಯದ ಮುಂದೆ ವಿಚಾರಣೆ ಕೇಳಬಹುದು. ಪತ್ರವನ್ನೂ ಲಕೋಟೆಯನ್ನೂ ಎತ್ತಿಡಿ.